ಬೆಚ್ಚನೆಯ ನೀರಿನ ಪುಡಿ

ಫೆಬ್ರವರಿ ೬

ಮಗಳೇ,

ನಿನಗೆ ಜ್ವರ ಬಂದು ಹೋದ ಸುದ್ದಿ ನಿನ್ನಿಂದ ತಿಳಿಯಲಿಲ್ಲ. ನಿಮ್ಮ ಲ್ಯಾಬಿನ ಮೇಡಂ ಬರೆದರು. "ಕೂಸಿಗೆ ಈಗ ಗುಣವಾಗಿದೆ. ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ನೀವು ಚಿಂತೆ ಮಾಡಬೇಡಿ." ಯಾವ ಕೂಸು ಅಂತ ಎರಡನೇ ಸಲ ಓದಿದ ಮೇಲೆ ಹೊಳೆಯಿತು. ಇಪ್ಪತ್ತಾರು ತುಂಬಿದ ಹೆಣ್ಣಿಗೆ ಕೂಸು! ನಾನು ನಿನ್ನನ್ನು ಹಾಗೆ ಕರೆಯುವುದನ್ನು ನೀನು ಶಾಲೆಗೆ ಸೇರಿದ ದಿನವೇ ನಿಲ್ಲಿಸಿದೆ. ಕರೆಯಲು ಬಾರದೆ ಅಲ್ಲ. ಹಾಗೆ ಕರೆಸಿಕೊಂಡ ಮಕ್ಕಳು ಬೆಳೆಯುವುದಿಲ್ಲ ಅಂತ.

ಹೆತ್ತವಳಿಗೆ ಚಿಂತೆ ಮಾಡಬೇಡಿ ಅನ್ನುವ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಚಿಂತೆ ಮಾಡುವುದು ನನ್ನ ಕೆಲಸ. ಅದನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಬೇಕಾಗಿಲ್ಲ.

ಪತ್ರದ ಜೊತೆ ಒಂದು ಫೋಟೋ ಇತ್ತು. ಅವರ ಮನೆಯ ಮೆಟ್ಟಿಲ ಮೇಲೆ ಇಬ್ಬರೂ ಕುಳಿತಿದ್ದೀರಿ. ಅವರ ಕೈ ನಿನ್ನ ಹೆಗಲ ಮೇಲಿದೆ. ನೀನು ಬೂದು ಬಣ್ಣದ ಸ್ವೆಟರ್ ಹಾಕಿದ್ದೀಯ. ನಾನು ಹೆಣೆದು ಕಳಿಸಿದ್ದು ಕೆಂಪು. ಬೈತಲೆಯನ್ನು ಎಡಕ್ಕೆ ತೆಗೆದಿದ್ದೀಯ. ಅವರದೂ ಎಡಕ್ಕೇ ಇದೆ. ನಿನ್ನ ತಲೆ ಬಾಚಿ ದೊಡ್ಡವಳನ್ನಾಗಿ ಮಾಡಿದವಳು ನಾನು. ನಿನ್ನ ಕೂದಲಿನಲ್ಲಿ ಬೈತಲೆ ನಡುವೆ ಬಿಟ್ಟು ಬೇರೆಲ್ಲೂ ನಿಲ್ಲುವುದಿಲ್ಲ ಅಂತ ತಿಳಿದಿದ್ದೆ. ಅಲ್ಲಿ ನಿಂತಿದೆ.

ನಾನು ಫೋಟೋ ನೋಡುತ್ತಿದ್ದಾಗ ನಿನ್ನ ಮಾವ ಲಾಂಡ್ರಿಯ ಬಾಯ್ಲರ್ ಬಿಟ್ಟು ಬಂದ.

"ಏನಕ್ಕಾ, ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡಿದೀಯ?"

"ನಿನ್ನ ಸೊಸೆಗೆ ಎರಡನೇ ಅಮ್ಮ ಸಿಕ್ಕಿದ್ದಾಳೆ," ಅಂದೆ.

"ಒಳ್ಳೇದೇ ಆಯ್ತು ಬಿಡು. ಇನ್ನು ಬೈಗುಳದಲ್ಲಿ ಇಬ್ಬರಿಗೂ ಪಾಲು," ಅಂದ. ತಮ್ಮನಾದ್ದರಿಂದ ಉಳಿದುಕೊಂಡ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ಬರೀ "ಹೂಂ" ಅನ್ನುತ್ತೀಯ, ಇಲ್ಲಿಯ ಸದ್ದಿನಲ್ಲಿ ಆ ಹೂಂ ಕೂಡ ಕೇಳಿಸುವುದಿಲ್ಲ. ಕಾಗದದಲ್ಲಾದರೆ ನೀನು ಪೂರ್ತಿ ವಾಕ್ಯ ಬರೆಯಲೇಬೇಕು. ಬರೆ.

ನಿನ್ನನ್ನು ಹೆತ್ತವಳು

ಫೆಬ್ರವರಿ ೧೫

ಅಮ್ಮಾ,

ನೀನು ಗಾಬರಿಯಾಗುತ್ತೀಯ ಅಂತ ತಿಳಿಸಲಿಲ್ಲ. ತಿಳಿಸಬೇಕಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಬಿದ್ದಿದ್ದೆ. ಮೇಡಂ ಬಂದು ಎಬ್ಬಿಸಿಕೊಂಡು ಹೋದರು. ಬೇಡ ಅನ್ನುವುದಕ್ಕೂ ತ್ರಾಣ ಇರಲಿಲ್ಲ. ಕೆಂಪು ಸ್ವೆಟರ್ ಬೆವರಿನಲ್ಲಿ ತೊಯ್ದಿತ್ತು, ಒಗೆಯಲು ಹಾಕಿದ್ದೆ. ಬೂದು ಬಣ್ಣದ್ದು ಅವರದು. ವಾಪಸ್ ಕೊಟ್ಟಿದ್ದೇನೆ.

ಒಂದು ಸಹಾಯ ಬೇಕು. ಎರಡು ವರ್ಷದಿಂದ ನಾವು ಇಲ್ಲಿ ಹಳೆಯ ರಕ್ತದ ಕಲೆ ತೆಗೆಯುವ ಕಿಣ್ವದ ಪುಡಿಯೊಂದನ್ನು ತಯಾರಿಸುತ್ತಿದ್ದೇವೆ. ಲ್ಯಾಬಿನ ಗಾಜಿನ ಪಾತ್ರೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿಜವಾದ ಲಾಂಡ್ರಿಯಲ್ಲಿ, ನಿಜವಾದ ಆಸ್ಪತ್ರೆ ಬಟ್ಟೆಯ ನಡುವೆ ಮಾಡುತ್ತದೆಯೇ ಅಂತ ನೋಡಬೇಕಾಗಿದೆ. ಎಲ್ಲಿ ಮಾಡಿಸೋಣ ಅಂತ ಮೇಡಂ ಕೇಳಿದಾಗ ನಾನು ನಮ್ಮ ಲಾಂಡ್ರಿ ಅಂದೆ. ಊರಿನ ಆಸ್ಪತ್ರೆಯ ಬಟ್ಟೆಯೆಲ್ಲ ನಿನ್ನ ಕೈ ದಾಟಿಯೇ ಹೋಗುತ್ತದೆ. ಬಟ್ಟೆ ಬೆಳ್ಳಗಾಯಿತೋ ಇಲ್ಲವೋ ಅನ್ನುವ ವಿಷಯದಲ್ಲಿ ನಿನ್ನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗುವುದಿಲ್ಲ.

ಮೂರು ಸಲ ಮಾಡಬಹುದು. ಒಂದು ಸಲವಾದರೂ ಕಲೆ ಪೂರ್ತಿ ಹೋದರೆ ಪುಡಿ ಗೆದ್ದ ಹಾಗೆ, ನನ್ನ ಕೆಲಸವೂ ಖಾಯಂ. ಇಲ್ಲದಿದ್ದರೆ ನನ್ನ ಅವಧಿ ಮೇ ತಿಂಗಳಿಗೆ ಮುಗಿಯುತ್ತದೆ, ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರುತ್ತೇನೆ.

ನೀರು ನಲವತ್ತು ಡಿಗ್ರಿ ದಾಟಬಾರದು, ಕೈಗೆ ಹಿತವಾಗಿರಬೇಕು. ಸೋಡಾ ಒಂದು ಚಿಟಿಕೆ. ಬ್ಲೀಚಿಂಗ್ ಬೇಡವೇ ಬೇಡ. ಅರ್ಧ ಗಂಟೆ ನೆನೆದ ಮೇಲೆ ನಿಮ್ಮ ಪದ್ಧತಿಯಂತೆ ಕುದಿಸಿ. ಮೊದಲು ಬೆಚ್ಚಗೆ, ಆಮೇಲೆ ಕುದಿ. ಕಲೆ ಮಾಡಿದ ಬಟ್ಟೆಯ ತುಂಡುಗಳನ್ನು ಪುಡಿಯ ಜೊತೆಗೇ ಇಟ್ಟಿದ್ದೇನೆ. ಒಗೆದು ಹಿಂದಕ್ಕೆ ಕಳಿಸು.

ನಿನ್ನ ಮಗಳು

ಮಾರ್ಚ್ ೨

ಮಗಳೇ,

ನಿಮ್ಮ ಮೇಡಂ ಅವರ ಪುಡಿ ಬಂತು. ಕಿಣ್ವ ಅಂದರೆ ಏನು ಅಂತ ನನಗೆ ತಿಳಿಸಿ ಹೇಳಬೇಕಾಗಿಲ್ಲ. ಪ್ರೌಢಶಾಲೆಯಲ್ಲಿ ಓದಿದ್ದೇನೆ. ಬಾಯಿಯ ಜೊಲ್ಲಿನಲ್ಲಿರುತ್ತದೆ, ಹೊಟ್ಟೆಯಲ್ಲಿರುತ್ತದೆ, ತಿಂದದ್ದನ್ನು ಕರಗಿಸುತ್ತದೆ. ಜೊಲ್ಲು ಹಾಕಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕಾಲ ಬಂತು ಅಂದುಕೊಂಡೆ. ಆದರೂ ಮಗಳು ಹೇಳಿದ್ದಾಳೆ ಅಂತ ಮಾಡಿದೆ.

ಕಲೆ ಹೋಗಲಿಲ್ಲ. ತುಂಡುಗಳನ್ನು ಕಳಿಸಿದ್ದೇನೆ, ನೀವೇ ನೋಡಿಕೊಳ್ಳಿ. ಕಂದು ಬಣ್ಣ ಮೊದಲಿಗಿಂತ ಗಟ್ಟಿಯಾಗಿ ಕೂತಿದೆ. ಇಸ್ತ್ರಿ ಮೇಜಿನ ಗುಂಡಕ್ಕ ಅದನ್ನು ಬೆಳಕಿಗೆ ಹಿಡಿದು, "ಅಯ್ಯೋ ಯಜಮಾನಮ್ಮ, ನಿಮ್ಮ ಮಗಳಿಗಿಂತ ಮೊದಲು ಕಲೆಯೇ ಖಾಯಂ ಆಗಿಬಿಡ್ತಲ್ಲ!" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗು ಬರಲಿಲ್ಲ ಅಂತಲ್ಲ.

ನೀರು ಬೆಚ್ಚಗಿರಲಿ ಅಂತ ಬರೆದಿದ್ದೀಯ, ಓದಿದೆ. ಇಷ್ಟು ವರ್ಷದಲ್ಲಿ ಈ ಲಾಂಡ್ರಿಯಲ್ಲಿ ಬೆಚ್ಚನೆಯ ನೀರಿನಲ್ಲಿ ತೊಳೆದದ್ದು ಒಂದನ್ನೇ, ಹುಟ್ಟಿದ ನಿನ್ನನ್ನು. ಉಳಿದದ್ದಕ್ಕೆಲ್ಲ ಕುದಿ. ಬಿಸಿ ಹೆಚ್ಚಾದಷ್ಟೂ ಕೊಳೆ ಬೇಗ ಬಿಡುತ್ತದೆ ಅನ್ನುವುದು ಇಲ್ಲಿಯ ಕಲ್ಲಿಗೂ ಗೊತ್ತು. ಬೆಚ್ಚಗಿನ ನೀರಿನಲ್ಲೇ ಕೆಲಸ ಮಾಡುವ ಪುಡಿ ಕುದಿಯುವ ನೀರಿನಲ್ಲಿ ಇನ್ನೆಷ್ಟು ಚುರುಕಾಗಬಹುದು ಅಂತ, ನಿಮ್ಮ ಮೇಡಂಗೆ ಉಪಕಾರವಾಗಲಿ ಅಂತಲೇ ಕುದಿಯುವ ತೊಟ್ಟಿಗೆ ಸುರಿಸಿದೆ. ಕುದಿಗೆ ಹೆದರುವ ಪುಡಿ ಆಸ್ಪತ್ರೆಯ ಬಟ್ಟೆಗೆ ಯಾಕೆ?

ಇದು ಗೆಲ್ಲುವ ಕುದುರೆ ಅಲ್ಲ. ಮೇ ತನಕ ಅಲ್ಲಿ ಕೂತು ಏನು ಮಾಡುತ್ತೀಯ? ಇಲ್ಲಿ ಲೆಕ್ಕ ನೋಡಲು, ಆಸ್ಪತ್ರೆಯವರ ಜೊತೆ ಮಾತಾಡಲು ಒಬ್ಬರು ಬೇಕು. ನಿನ್ನ ಮಾವ ಮಾತಾಡಿದರೆ ಜಗಳ, ನಾನು ಮಾತಾಡಿದರೆ ಇನ್ನೂ ದೊಡ್ಡ ಜಗಳ.

ದಾರಿ ನೋಡುತ್ತಿರುವ ಅಮ್ಮ

ಮಾರ್ಚ್ ೧೧

ಅಮ್ಮಾ,

ಕುದಿಯುವ ನೀರಿಗೆ ಬಿದ್ದ ಕೂಡಲೇ ಆ ಪುಡಿ ಕೆಟ್ಟುಹೋಯಿತು. ಹೇಗೆ ಅಂತ ಹೇಳುತ್ತೇನೆ, ಕೇಳು.

ಹಿಂದೆ ಆಸ್ಪತ್ರೆಯಿಂದ ನರ್ಸುಗಳ ಟೊಪ್ಪಿ ಬರುತ್ತಿದ್ದವಲ್ಲ, ಒಗೆಯುವಾಗ ಅವು ಬರೀ ಚಪ್ಪಟೆ ಬಟ್ಟೆ. ನೀನು ಗಂಜಿ ಹಾಕಿ, ಇಸ್ತ್ರಿ ಮಾಡಿ, ಮೂಲೆ ಹಿಡಿದು ಮಡಿಕೆ ಕೊಟ್ಟರೆ ಟೊಪ್ಪಿ. ಕಿಣ್ವವೂ ಹಾಗೆಯೇ. ಅದು ಒಂದು ಉದ್ದನೆಯ ಎಳೆ. ತನಗೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರದ ಒಂದು ಕಡೆ ಪುಟ್ಟ ಗುಳಿ. ಕಲೆಯ ಅಂಶ ಆ ಗುಳಿಯಲ್ಲಿ ಸರಿಯಾಗಿ ಕೂತರೆ ಕಿಣ್ವ ಅದನ್ನು ಕತ್ತರಿಸಿಹಾಕುತ್ತದೆ. ಕುದಿಸಿದರೆ ಮಡಿಕೆ ಬಿಚ್ಚಿಹೋಗುತ್ತದೆ. ಎಳೆ ಅದೇ ಇರುತ್ತದೆ, ಎಲ್ಲೂ ಹರಿದಿರುವುದಿಲ್ಲ. ಗುಳಿ ಮಾತ್ರ ಇಲ್ಲ. ಬಿಸಿನೀರಿಗೆ ಬಿದ್ದ ಟೊಪ್ಪಿಯನ್ನು ತಲೆಗೆ ಇಟ್ಟುಕೊಳ್ಳಲು ಬರುತ್ತದೆಯೇ?

ತಣ್ಣೀರಿನಲ್ಲಿ ಅದರ ಆಕಾರ ಕೆಡುವುದಿಲ್ಲ, ಆದರೆ ಸೋಮಾರಿಯಾಗುತ್ತದೆ. ಸೋಡಾ ಅತಿಯಾದರೂ ಮಡಿಕೆ ಸಡಿಲ, ಹುಳಿ ಹೆಚ್ಚಾದರೂ ಸಡಿಲ. ಬ್ಲೀಚಿಂಗ್ ಅಂತೂ ಅದನ್ನು ಸುಟ್ಟೇಬಿಡುತ್ತದೆ. ಒಂದೊಂದು ಕಿಣ್ವಕ್ಕೆ ಒಂದೊಂದು ಹದ. ನೀನು ಶಾಲೆಯಲ್ಲಿ ಓದಿದ ಹೊಟ್ಟೆಯ ಕಿಣ್ವ ಹುಳಿಯಲ್ಲೇ ಚುರುಕು, ನಮ್ಮದು ಅಲ್ಲಿ ಕೈಕಟ್ಟಿ ಕೂರುತ್ತದೆ. 

ಕುದಿ ಬೇಡ ಅಂತ ನಾನು ಹೇಳುತ್ತಿಲ್ಲ. ಪುಡಿಯ ಕೆಲಸ ಮುಗಿದ ಮೇಲೆ ಎಷ್ಟು ಬೇಕಾದರೂ ಕುದಿಸಿಕೋ. ಇನ್ನೆರಡು ಸಲಕ್ಕಾಗುವಷ್ಟು ಪುಡಿ ಕಳಿಸಿದ್ದೇನೆ. ಮೇಡಂ ಒಂದು ಥರ್ಮಾಮೀಟರ್ ಕಳಿಸುತ್ತಿದ್ದಾರೆ.

ನನಗೆ ಈ ಕೆಲಸ ಇಷ್ಟ, ಅಮ್ಮಾ. ಇದನ್ನು ನಿನಗೆ ಯಾವತ್ತೂ ನೇರವಾಗಿ ಹೇಳಿರಲಿಲ್ಲ.

ನಿನ್ನ ಮಗಳು

ಮಾರ್ಚ್ ೨೬

ಮಗಳೇ,

ಥರ್ಮಾಮೀಟರ್ ಬಂತು. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಮೇಲೆ "ಅಮ್ಮನವರಿಗೆ" ಅಂತ ಬರೆದಿದ್ದರು. ನಾನು ಅವರಿಗೆ ಅಮ್ಮ ಅಲ್ಲ. ನೀನೇ ಹೇಳಿದ ಪ್ರಕಾರ ವಯಸ್ಸಿನಲ್ಲಿ ಅವರು ನನಗೆ ಅಕ್ಕನಾಗಬೇಕು.

ನಿನ್ನ ಪತ್ರಗಳಲ್ಲಿ ಮೇಡಂ ಅನ್ನುವ ಮಾತು ಎಷ್ಟು ಸಲ ಬರುತ್ತದೆ ಅಂತ ಗುಂಡಕ್ಕ ಎಣಿಸಿದಳು. ಅಂಥ ಸಣ್ಣತನ ನನಗಿಲ್ಲ. ಎಣಿಸು ಅಂತ ಹೇಳಿದ್ದಷ್ಟೇ ನಾನು.

ಟೊಪ್ಪಿಯ ಮಾತು ಅರ್ಥವಾಯಿತು. ಆದರೆ ಬಿಚ್ಚಿಹೋದ ಟೊಪ್ಪಿಯನ್ನು ನಾನು ಮತ್ತೆ ಗಂಜಿ ಹಾಕಿ ಮಡಿಸುತ್ತಿದ್ದೆ. ನಿಮ್ಮ ಕಿಣ್ವವನ್ನು ಮತ್ತೆ ಮಡಿಸುವವರು ಯಾರೂ ಇಲ್ಲವೇ? ಅಷ್ಟೊಂದು ಓದಿದವರು ಅಲ್ಲಿದ್ದೀರಿ.

ಎರಡನೇ ಸಲ ಮಾಡಿದೆ. ತೊಟ್ಟಿಗೆ ಬಿಸಿನೀರು ಬಿಟ್ಟು, ತಣ್ಣೀರು ಬೆರೆಸಿ, ಥರ್ಮಾಮೀಟರ್ ಮುಳುಗಿಸಿ ನಿಂತೆ. ನಿನ್ನ ಮಾವ ಅದನ್ನು ನೋಡಿ, "ಅಕ್ಕಾ, ನೀರಿಗೂ ಜ್ವರಾನಾ? ಡಾಕ್ಟ್ರಿಗೆ ಹೇಳಿಕಳಿಸ್ಲಾ?" ಅಂದ.

"ಬಾಯಿ ಮುಚ್ಕೊಂಡು ನಿನ್ನ ಕೆಲಸ ನೋಡು," ಅಂದೆ. ಅವನು ಅವನ ಕೆಲಸ ನೋಡಿದ.

ನೀರು ನಲವತ್ತು ದಾಟಲಿಲ್ಲ. ನನ್ನ ಕೈಯಿಂದ ಆ ತೊಟ್ಟಿಗೆ ಬಿದ್ದದ್ದು ನಿಮ್ಮ ಪುಡಿ ಮತ್ತು ಒಂದು ಚಿಟಿಕೆ ಸೋಡಾ, ಅಷ್ಟೇ. ಅರ್ಧ ಗಂಟೆ ಆದ ಮೇಲೆ ತೆಗೆದೆ. ಕಲೆ ಸ್ವಲ್ಪ ಮಾಸಿದೆ, ಹೋಗಿಲ್ಲ. ನಮ್ಮ ಮಾಮೂಲು ಒಗೆತದಲ್ಲೂ ಇಷ್ಟು ಮಾಸುತ್ತದೆ. ತುಂಡುಗಳು ಈ ಪೊಟ್ಟಣದಲ್ಲಿವೆ.

ಕೆಲಸ ಇಷ್ಟ ಅಂತ ಬರೆದಿದ್ದೀಯ. ಕೆಲಸ ಇಷ್ಟವೋ, ಕೆಲಸ ಕೊಟ್ಟವರು ಇಷ್ಟವೋ, ವಿಚಾರ ಮಾಡಿ ನೋಡು.

ಅಮ್ಮ

ಏಪ್ರಿಲ್ ೫

ಅಮ್ಮಾ,

ಪೊಟ್ಟಣ ಬಿಚ್ಚಿದ ಕೂಡಲೇ ಬ್ಲೀಚಿಂಗ್ ವಾಸನೆ ಮೂಗಿಗೆ ಹೊಡೆಯಿತು. ನಾನು ಆ ವಾಸನೆಯಲ್ಲೇ ಆಡಿ ಬೆಳೆದವಳು. ಪರೀಕ್ಷೆ ಮಾಡುವ ಅಗತ್ಯವೇ ಇರಲಿಲ್ಲ.

ಮೇಡಂ ಪಕ್ಕದಲ್ಲೇ ಇದ್ದರು. ಅವರಿಗೂ ಮೂಗಿದೆ. ತುಂಡನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. "ಫಲಿತಾಂಶ ಸ್ಪಷ್ಟವಿಲ್ಲ, ಮತ್ತೊಮ್ಮೆ ಮಾಡಬೇಕು" ಅಂತ ಮಾತ್ರ ಬರೆದುಕೊಂಡರು. ಆಮೇಲೆ ಟೀ ಕುಡಿಯುವಾಗ, "ಕೈತಪ್ಪು ಯಾರಿಗಾದ್ರೂ ಆಗುತ್ತೆ ಕೂಸೇ. ಅಮ್ಮನಿಗೆ ಬೇಜಾರು ಮಾಡಬೇಡ," ಅಂದರು.

ಅದು ಕೈತಪ್ಪೇ? ಮಾವ ಅಭ್ಯಾಸಬಲದಿಂದ ಸುರಿದಿರಬಹುದು. ಆದರೆ ಆ ಲಾಂಡ್ರಿಯಲ್ಲಿ ನಿನ್ನ ಕಣ್ಣು ತಪ್ಪಿಸಿ ಒಂದು ಗುಂಡಿ ಕೂಡ ಉದುರುವುದಿಲ್ಲ. ನೀನು ನೋಡಲಿಲ್ಲವೇ?

ಬಿಚ್ಚಿದ್ದನ್ನು ಮತ್ತೆ ಮಡಿಸಬಹುದೇ ಅಂತ ಕೇಳಿದ್ದೀಯ. ಬಿಸಿ ಸ್ವಲ್ಪವೇ ಹೆಚ್ಚಾಗಿ, ಬೇಗ ತಣಿದರೆ ಕೆಲವು ಕಿಣ್ವಗಳು ತಾವಾಗಿಯೇ ಮೊದಲಿನ ಆಕಾರಕ್ಕೆ ಬರುತ್ತವೆ. ಕುದಿದ ಮೇಲೆ ಬರುವುದಿಲ್ಲ. ಎಳೆಗಳು ಒಂದಕ್ಕೊಂದು ಸಿಕ್ಕುಬಿದ್ದು ಗಂಟಾಗುತ್ತವೆ. ಬೆಂದ ಮೊಟ್ಟೆಯನ್ನು ಹಸಿ ಮಾಡಲು ಆಗುವುದಿಲ್ಲವಲ್ಲ, ಹಾಗೆ.

ಇನ್ನೊಂದೇ ಸಲಕ್ಕೆ ಅವಕಾಶ ಇದೆ.

ಮಗಳು

ಏಪ್ರಿಲ್ ೧೨

ನೋಡಿದೆ.

ನಿನ್ನ ಮಾವ ಮಗ್ಗಿನಲ್ಲಿ ಬ್ಲೀಚಿಂಗ್ ನೀರು ತಂದು ತೊಟ್ಟಿಗೆ ಸುರಿಯುವಾಗ ನಾನು ಎದುರಿಗೇ ನಿಂತಿದ್ದೆ. ಅವನಿಗೆ ಅದು ಅಭ್ಯಾಸ, ಕೈ ತಾನಾಗಿಯೇ ಹೋಗುತ್ತದೆ. ನನ್ನ ಬಾಯಿಗೆ "ಬೇಡ" ಅನ್ನುವ ಮಾತು ಬಂದಿತ್ತು. ನುಂಗಿಕೊಂಡೆ. ಬೇಕಾದರೆ ಇದನ್ನೂ ನಿಮ್ಮ ವರದಿಯಲ್ಲಿ ಬರೆದುಕೊಳ್ಳಿ.

ಯಾಕೆ ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಆ ಫೋಟೋದಲ್ಲಿ ನೀನು ನಗುತ್ತಿದ್ದೀಯ. ಕ್ಯಾಮೆರಾಕ್ಕೆ ತೋರಿಸುವ ನಗು ಅಲ್ಲ ಅದು, ಯಾರೋ ಏನೋ ಹೇಳಿದ್ದಕ್ಕೆ ತಡೆಯಲಾರದೆ ಬಂದದ್ದು. ಮನೆಯಲ್ಲಿರುವ ಫೋಟೋಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಹರಡಿ ನೋಡಿದೆ. ಒಂದರಲ್ಲೂ ಆ ನಗು ಇಲ್ಲ. ಎಲ್ಲದರಲ್ಲೂ ನೀನು ನೆಟ್ಟಗೆ ನಿಂತಿದ್ದೀಯ, ಬಟ್ಟೆ ಚೊಕ್ಕವಾಗಿದೆ, ಪಕ್ಕದಲ್ಲಿ ನಾನು ಇದ್ದೇನೆ.

ಹೊಟ್ಟೆಕಿಚ್ಚು ಅಂತ ನಿನ್ನ ಮಾವ ಅಂದ. ಹೌದು. ಬಾಯ್ಲರಿಗಿಂತ ಹೆಚ್ಚು ಉರಿದಿದೆ. ಅದಕ್ಕೆ ನಾಚಿಕೆಯೇನೂ ಇಲ್ಲ.

ನಾಚಿಕೆ ಆದದ್ದು ಬೇರೆಯದಕ್ಕೆ. ನಿಮ್ಮ ಮೇಡಂ ನನ್ನ ತಪ್ಪನ್ನು ಮುಚ್ಚಿಟ್ಟರಲ್ಲ, ಅದಕ್ಕೆ. ಕಳ್ಳಿ ಅಂದಿದ್ದರೆ ಬಂದು ಎದುರು ನಿಂತು ಜಗಳವಾಡುತ್ತಿದ್ದೆ. ಕೈತಪ್ಪು ಅಂದರಂತೆ! ನನ್ನ ಮಗಳ ಹತ್ತಿರ ನನ್ನ ಪರವಾಗಿ ವಕಾಲತ್ತು ಮಾಡಿದರಂತೆ, ಅಮ್ಮನಿಗೆ ಬೇಜಾರು ಮಾಡಬೇಡ ಅಂತ! ನನ್ನ ಮತ್ತು ನಿನ್ನ ನಡುವೆ ಸಂಧಿ ಮಾಡಿಸಲು ಇವರು ಯಾರು? ಅವರ ದಯೆಯಲ್ಲಿ ನಾನು ಒಂದು ದಿನವೂ ಬದುಕುವುದಿಲ್ಲ.

ಮೂರನೇ ಸಲಕ್ಕೆ ಅವರೇ ಬರಲಿ. ನನ್ನ ಎದುರು ನಿಂತು ನೋಡಲಿ. ಆಮೇಲೆ ಕಲೆ ಹೋದರೂ ಸರಿ, ಉಳಿದರೂ ಸರಿ, ಕೈತಪ್ಪು ಅನ್ನುವ ಮಾತು ಬರಬಾರದು.

ಅಮ್ಮ

ಏಪ್ರಿಲ್ ೨೮

ಮಗಳೇ,

ನಿಮ್ಮ ಮೇಡಂ ಬಂದು ಹೋದರು. ಅವರು ನಿನಗೆ ಏನು ಹೇಳುತ್ತಾರೋ ಗೊತ್ತಿಲ್ಲ. ನಾನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಾರಿನಲ್ಲಿ ಬರುತ್ತಾರೆ ಅಂತ ಮುಂಬಾಗಿಲು ತೆಗೆಸಿ, ಮೆಟ್ಟಿಲು ತೊಳೆಸಿ ಇಟ್ಟಿದ್ದೆ. ಬಸ್ಸಿನಲ್ಲಿ ಬಂದರು, ಹಿಂಬಾಗಿಲಿನಿಂದ, ಕೊಳೆಬಟ್ಟೆಯ ಗಾಡಿಯ ಜೊತೆಯಲ್ಲೇ ಒಳಗೆ ಬಂದುಬಿಟ್ಟರು. ಕುಳ್ಳಗಿದ್ದಾರೆ. ಫೋಟೋದಲ್ಲಿ ಕೂತಿದ್ದರಿಂದ ಅದು ಗೊತ್ತಾಗಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಹಬೆಗೆ ಕನ್ನಡಕ ಮಂಜಾಗಿ, ನನ್ನನ್ನು ಬಿಟ್ಟು ಗುಂಡಕ್ಕನಿಗೆ ನಮಸ್ಕಾರ ಮಾಡಿದರು. ನನಗೆ ಸ್ವಲ್ಪ ಸಮಾಧಾನವಾಯಿತು.

"ತೊಟ್ಟಿ ಅಲ್ಲಿದೆ. ಪುಡಿ ಇಲ್ಲಿದೆ. ನಿಂತು ನೋಡಿ," ಅಂದೆ.

ಅವರು ಕನ್ನಡಕ ಒರೆಸಿಕೊಂಡು ತೊಟ್ಟಿ ನೋಡಿದರು, ನನ್ನನ್ನು ನೋಡಿದರು. "ನಾನು ಆ ಕಡೆ ಕೂತಿರ್ತೀನಿ. ಇದು ನಿಮ್ಮ ಜಾಗ. ನೀವೇ ಮಾಡಿ, ನೀವೇ ಹೇಳಿ," ಅಂದರು.

"ಕಾವಲು ಕಾಯೋಕೆ ಅಂತ ಕರೆಸಿದ್ದು ನಿಮ್ಮನ್ನ."

"ಕಾವಲು ಕಾದು ಒಗೆಸಿದ ಬಟ್ಟೆ ಮೇಲೆ ನಂಗೆ ನಂಬಿಕೆ ಇಲ್ಲ," ಅಂತ ಹೇಳಿ ಇಸ್ತ್ರಿ ಕೋಣೆಗೆ ಹೋಗಿಯೇಬಿಟ್ಟರು.

ನನಗೆ ಎಷ್ಟು ಕೋಪ ಬಂತು ಅಂದರೆ ನೀರಿನ ನಲ್ಲಿಯನ್ನು ಕಿತ್ತುಬರುವ ಹಾಗೆ ತಿರುಗಿಸಿದೆ. ಇಸ್ತ್ರಿ ಕೋಣೆಯ ಬಾಗಿಲು ನಿನಗೆ ಗೊತ್ತಿದೆಯಲ್ಲ, ಪೂರ್ತಿ ಮುಚ್ಚುವುದಿಲ್ಲ. ಅವರು ಸುಮ್ಮನೆ ಕೂರದೆ ದಿಂಬಿನ ಚೀಲ ಮಡಿಸಲು ಶುರು ಮಾಡಿದರು. ಗುಂಡಕ್ಕ, "ಏನ್ ಮೇಡಮ್ಮೋರೇ, ಹೀಗಾ ಮಡಿಸೋದು? ಇದನ್ನ ನೋಡಿದ್ರೆ ದಿಂಬೇ ಎದ್ದು ಓಡಿಹೋಗುತ್ತೆ!" ಅಂದಳು. ಎಲ್ಲರೂ ಹೋ ಅಂತ ನಕ್ಕರು. ನನ್ನ ಕೋಣೆಯಲ್ಲಿ, ನನ್ನ ಹೆಂಗಸರು! ನಾನು ಒಳಗೆ ಕಾಲಿಟ್ಟರೆ ಅವರು ನಗು ನಿಲ್ಲಿಸಿ ಇಸ್ತ್ರಿ ಜೋರಾಗಿ ಒತ್ತುತ್ತಾರೆ.

ಆಮೇಲೆ ಮೇಡಂ ನಿನ್ನ ಮಾತು ತೆಗೆದರು. ಲ್ಯಾಬಿನಲ್ಲಿ ನೀನು ಹಾಡುತ್ತೀಯಂತೆ. ಗಾಜಿನ ಕೊಳವೆ ತೊಳೆಯುವಾಗ, ಯಾರೂ ಇಲ್ಲ ಅಂದುಕೊಂಡು, ದೊಡ್ಡ ದನಿಯಲ್ಲಿ. "ಕೂಸು ಹಾಡ್ತಿದ್ರೆ ನಾನು ಬಾಗಿಲ ಹೊರಗೇ ನಿಂತುಬಿಡ್ತೀನಿ, ಒಳಗೆ ಹೋದ್ರೆ ನಿಲ್ಲಿಸಿಬಿಡ್ತಾಳಲ್ಲ ಅಂತ," ಅಂದರು. 

ನೀನು ಹಾಡುತ್ತೀಯ ಅಂತ ನನಗೆ ಗೊತ್ತಿರಲಿಲ್ಲ.

ತೊಟ್ಟಿಯಲ್ಲಿ ಪುಡಿ ಬಿದ್ದಿತ್ತು, ತುಂಡುಗಳು ನೆನೆಯುತ್ತಿದ್ದವು. ನಿನ್ನ ಮಾವ ತೊಟ್ಟಿಗೆ ಹಬೆ ಬಿಡುವ ಚಕ್ರದ ಹತ್ತಿರ ನಿಂತು ನನ್ನ ಮುಖ ನೋಡಿದ. ಅವನು ದಡ್ಡನಲ್ಲ. ತಗ್ಗಿದ ದನಿಯಲ್ಲಿ, "ಅಕ್ಕಾ, ಬಿಡ್ಲಾ?" ಅಂದ. ಅವನು ಆ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಸಾಕು, ತೊಟ್ಟಿ ಕುದಿಯುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ, ಯಾವ ವಾಸನೆಯೂ ಬರುತ್ತಿರಲಿಲ್ಲ. ಮೇ ತಿಂಗಳಿಗೆ ನೀನು ಮನೆಯಲ್ಲಿ ಇರುತ್ತಿದ್ದೆ.

"ಸರಿ ಆ ಕಡೆ," ಅಂದು ಅವನನ್ನು ತಳ್ಳಿ ನಾನೇ ಚಕ್ರದ ಮೇಲೆ ಕೈಯಿಟ್ಟೆ. ಕಬ್ಬಿಣ ಬಿಸಿಯಿತ್ತು. ನಾನು ದೊಡ್ಡ ಮನಸ್ಸಿನವಳು ಅಂತ ನೀನು ತಿಳಿಯಬೇಡ. ಆ ಹೆಂಗಸಿಗೆ ಒಳ್ಳೆಯದಾಗಲಿ ಅಂತ ನನಗೆ ಒಂದು ಚೂರೂ ಅನ್ನಿಸಲಿಲ್ಲ. ತೊಟ್ಟಿಯೊಳಗೆ ನೋಡಿದೆ. ಒಂದು ತುಂಡಿನ ಅಂಚಿನಿಂದ ಕಂದು ಬಣ್ಣ ಎದ್ದು ನೀರಿಗೆ ಬಿಡುತ್ತಿತ್ತು, ಹೊಗೆಯ ಎಳೆಯ ಹಾಗೆ. ಬಿಡುತ್ತಿರುವ ಕಲೆಯನ್ನು ಬೇಕೆಂದೇ ಹಿಡಿದು ನಿಲ್ಲಿಸುವುದು ನನ್ನಿಂದ ಆಗಲಿಲ್ಲ. ಬ್ಲೀಚಿಂಗ್ ಬಿದ್ದ ದಿನ ಸುಮ್ಮನೆ ನಿಂತಿದ್ದೆ ನಿಜ. ಆವತ್ತು ಕೈ ನಿನ್ನ ಮಾವನದಾಗಿತ್ತು. ಈ ಸಲ ಕೈ ನನ್ನದು. ಬಟ್ಟೆ ಒಗೆದು ಬಾಳಿದ ಕೈ ಇದು.

ಚಕ್ರವನ್ನು ಇನ್ನೂ ಬಿಗಿಯಾಗಿ ಮುಚ್ಚಿದೆ. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ, ನಿನ್ನ ಮಾವನನ್ನು ಹತ್ತಿರ ಬಿಡಲಿಲ್ಲ. ನೀರು ತಣಿಯಿತು ಅನ್ನಿಸಿದಾಗ ಚೊಂಬಿನಲ್ಲಿ ಬಿಸಿನೀರು ತರಿಸಿ ಬೆರೆಸಿದೆ, ಅಳತೆ ನೋಡಿ ನೋಡಿ. ಆಮೇಲೆ ನಮ್ಮ ಪದ್ಧತಿಯಂತೆ ಕುದಿಸಿ, ಹಿಂಡಿ, ಕಿಟಕಿಯ ಬೆಳಕಿಗೆ ಹಿಡಿದೆ. ಕಲೆ ಎಲ್ಲಿತ್ತು ಅಂತ ಹುಡುಕಬೇಕಾಯಿತು.

ಇಸ್ತ್ರಿ ಕೋಣೆಗೆ ಹೋಗಿ, "ಹೋಗಿದೆ," ಅಂದೆ.

ಮೇಡಂ ಎದ್ದು ನಿಂತರು. "ಪೂರ್ತಿನಾ?"

"ನಾನು ಹೋಗಿದೆ ಅಂದ್ರೆ ಪೂರ್ತಿ ಹೋಗಿದೆ ಅಂತ."

ಅವರು ತುಂಡನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. "ಸರಿ ಹಾಗಾದ್ರೆ," ಅಂದರು, ಅಷ್ಟೇ. ಆ ನಂಬಿಕೆಯೂ ನನಗೆ ಚುಚ್ಚಿತು. ಟೀ ಕೊಟ್ಟೆ, ಕುಡಿದರು. ಬಸ್ಸು ಹತ್ತಿಸಲು ನಿನ್ನ ಮಾವ ಹೋದ. ನಾನು ಹೋಗಲಿಲ್ಲ. ಅವರು ಮಡಿಸಿದ ದಿಂಬಿನ ಚೀಲಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸಬೇಕಾಗಿತ್ತು.

ನಿಮ್ಮ ಪುಡಿ ಗೆದ್ದಿತು. ಮೇ ತಿಂಗಳಿಗೆ ಗಂಟುಮೂಟೆ ಕಟ್ಟಬೇಡ.

ಅಮ್ಮ

ಮೇ ೧೯

ಅಮ್ಮಾ,

ಕೆಲಸ ಖಾಯಂ ಆಯಿತು. ಆದೇಶ ಕೈಗೆ ಬಂತು. ಮೊದಲು ನಿನಗೇ ಬರೆಯುತ್ತಿದ್ದೇನೆ.

ಕಿಟಕಿಯ ಪಕ್ಕ ಒಂದು ಸ್ವಂತ ಮೇಜು ಕೊಟ್ಟಿದ್ದಾರೆ. ಎದುರು ಕಟ್ಟಡದ ಮಹಡಿಯಲ್ಲಿ ಯಾರೋ ಸಂಜೆ ಹೊತ್ತು ಬಟ್ಟೆ ಹರವುತ್ತಾರೆ. ಹಿಂಡಿರುವುದೇ ಇಲ್ಲ, ಕೆಳಗಿನವರ ತಲೆಯ ಮೇಲೆ ನೀರು ಸುರಿಯುತ್ತಿರುತ್ತದೆ. ನೀನು ಇಲ್ಲಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತು ಅಂತ ಯೋಚಿಸುತ್ತಾ ಅದನ್ನೇ ನೋಡಿಕೊಂಡು ಕೂತುಬಿಡುತ್ತೇನೆ. ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇಷ್ಟು ದಿನ ಮೇ ತಿಂಗಳಿಗೆ ಮನೆಗೆ ಹೋಗಬೇಕಾಗಬಹುದು ಅಂತ ಹೆದರಿಕೆ ಇತ್ತು. ಆ ಹೆದರಿಕೆಯ ಹಿಂದೆ ಒಂದು ಆಸೆಯೂ ಇತ್ತು ಅಂತ ಈಗ ಗೊತ್ತಾಗುತ್ತಿದೆ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಕೃತಘ್ನಳು ಅಂದುಕೊಳ್ಳುತ್ತಾರೆ.

ಇಲ್ಲಿ ಎಲ್ಲ ಪರವಾಗಿಲ್ಲ. ಪರವಾಗಿಲ್ಲ, ಚೆನ್ನಾಗಿದ್ದೇನೆ.

ನಿನ್ನ ಮಗಳು

ಜೂನ್ ೯

ಮೇಡಂ ಅವರಿಗೆ,

ನಿಮ್ಮ ಪತ್ರ ತಲುಪಿತು. ಕೆಲಸ ಖಾಯಂ ಆದಾಗಿನಿಂದ ನನ್ನ ಮಗಳು ಮಾತು ಕಡಿಮೆ ಮಾಡಿದ್ದಾಳೆ, ಹಾಡುವುದನ್ನೂ ಬಿಟ್ಟಿದ್ದಾಳೆ, ಕೇಳಿದರೆ ಪರವಾಗಿಲ್ಲ ಅನ್ನುತ್ತಾಳೆ, ನಿಮ್ಮಿಂದ ಏನಾದರೂ ತಪ್ಪಾಯಿತೇ ತಿಳಿಯದು, ನನಗೇನಾದರೂ ಗೊತ್ತೇ ಅಂತ ಕೇಳಿದ್ದೀರಿ.

ನಿಮಗೆ ಗೊತ್ತಿಲ್ಲದ್ದೂ ಒಂದು ಇದೆ ಅಂತ ಓದಿ ನನಗೆ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ. ಒಂದು ಇಡೀ ದಿನ ಆ ಪತ್ರವನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಯಾಕೆ ಇಷ್ಟು ಗೆಲುವಾಗಿದ್ದೀರಿ ಅಂತ ನಮ್ಮ ಗುಂಡಕ್ಕ ಕೇಳಿದಳು. ಉತ್ತರ ಬರೆಯದೆ ಇರಬೇಕು ಅಂತಲೂ ಇದ್ದೆ.

ಆದರೆ ಅವಳು ಇರುವುದು ನಿಮ್ಮ ಹತ್ತಿರ. ಆದ್ದರಿಂದ ಬರೆಯುತ್ತೇನೆ.

ನಾಲ್ಕು ಜನರ ಮುಂದೆ ಅವಳನ್ನು ಹೊಗಳಬೇಡಿ. ಹೊಗಳಿದರೆ ಮಾರನೆಯ ದಿನದ ಕೆಲಸ ಕೆಡಿಸುತ್ತಾಳೆ, ಹೆದರಿಕೆಯಿಂದ. ಬೈಯುವುದಿದ್ದರೆ ಬೈಯಿರಿ, ತಡೆದುಕೊಳ್ಳುತ್ತಾಳೆ, ನಾನು ಅಭ್ಯಾಸ ಮಾಡಿಸಿದ್ದೇನೆ. ಹಸಿದಿರುವಾಗ ಮಾತ್ರ ಬೈಯಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಅವಳನ್ನು ಏನೂ ಕೇಳಬಾರದು, ಆಗ ಅವಳು ಯಾವುದಕ್ಕೂ ಹೌದು ಅಂದುಬಿಡುತ್ತಾಳೆ, ಆಮೇಲೆ ಅದನ್ನು ಹೊತ್ತುಕೊಂಡು ಒದ್ದಾಡುತ್ತಾಳೆ. ಪರವಾಗಿಲ್ಲ ಅಂತ ಒಂದು ಸಲ ಅಂದರೆ ನಿಜವಾಗಿಯೂ ಪರವಾಗಿಲ್ಲ. ಎರಡು ಸಲ ಅಂದರೆ ಇಲ್ಲ.

ಮಾತು ಬಿಟ್ಟಾಗ ಏನಾಯಿತು ಏನಾಯಿತು ಅಂತ ಬೆನ್ನು ಹತ್ತಬೇಡಿ. ನಾನು ಹಾಗೆ ಬೆನ್ನು ಹತ್ತಿಯೇ ಅವಳನ್ನು ಬೆಳೆಸಿದೆ, ಒಂದು ಸಲವೂ ಉತ್ತರ ಸಿಗಲಿಲ್ಲ. ಅವಳಿರುವ ಕೋಣೆಯಲ್ಲೇ ನೀವೂ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಮುಖ ನೋಡಬೇಡಿ. ತಾನಾಗಿಯೇ ಬರುತ್ತಾಳೆ. ಹೊತ್ತು ಹಿಡಿಯುತ್ತದೆ. ನನಗೆ ಆ ಹೊತ್ತು ಇರಲಿಲ್ಲ, ಬಟ್ಟೆ ಬೀಳುತ್ತಲೇ ಇತ್ತು.

ಮುಂದಿನ ತಿಂಗಳು ಒಂದು ವಾರ ರಜೆ ಕೊಟ್ಟು ಅವಳನ್ನು ಮನೆಗೆ ಕಳಿಸಿ. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ಅವಳು ಯಾಕೆ ಮಾತು ಬಿಟ್ಟಿದ್ದಾಳೆ ಅನ್ನುವುದು ನನಗೆ ಗೊತ್ತು. ಅದನ್ನು ನಿಮಗೆ ಹೇಳುವುದಿಲ್ಲ. ಅಷ್ಟು ನನ್ನ ಹತ್ತಿರ ಇರಲಿ.

ಅವಳ ಅಮ್ಮ